ನೀರಿಲ್ಲ ಎಂದ ಗುಡಾರದಿಂದ

ಹಿರಿಯರಾದ ಸುವೈಲಿಮ್ ಅವರಿಗೆ ಉಬೈದನ ಸಲಾಮು.

ನಿಮ್ಮ ಎರಡು ತೊಗಲು ಚೀಲಗಳನ್ನು ಕಳಿಸಿದ್ದೇನೆ. ಒಂದರ ಹರಿದ ಬಾಯಿಯನ್ನು ಹೆಂಡತಿ ಹೊಲಿದಿದ್ದಾಳೆ.

ಮರಳುಗಾಳಿಯಲ್ಲಿ ದಾರಿ ತಪ್ಪಿ ಕೂತಿದ್ದ ನಮ್ಮ ಗುಡಾರದ ಮುಂದೆ ಒಂಟೆ ನಿಲ್ಲಿಸಿ ನೀವು ಒಂದು ಗುಟುಕು ನೀರು ಕೇಳಿದಿರಿ. "ನಿನ್ನೇನೇ ಮುಗೀತು, ಯಜಮಾನ್ರೇ" ಅಂದೆ. ಕೊನೆಯ ನಾಲ್ಕು ಗುಟುಕು ಉಳಿದಿದ್ದ ನೀರಿನ ಚೀಲ ಮಗಳು ನಜ್ಲಾಳ ಕಂಬಳಿಯ ಕೆಳಗಿತ್ತು. ಬಂದ ಅತಿಥಿಗೆ ನಮ್ಮ ಕುಲದಲ್ಲಿ ಯಾರೂ ಆಡದ ಮಾತು ಅದು.

ಮರುದಿನ ಈ ಎರಡು ಚೀಲಗಳಲ್ಲಿ ನೀರು ಹೊತ್ತು ತಂದ ನಿಮ್ಮ ಮಕ್ಕಳು ಹೇಳಿದರು: "ಅಪ್ಪ ಬಾವಿ ಹತ್ರ ಬಂದ್ರೂ ಬಾಯಿ ಒದ್ದೆ ಮಾಡ್ಕೊಳ್ಲಿಲ್ಲ. 'ಅಲ್ಲೊಂದು ಕೂಸಿದೆ, ಹನಿ ನೀರಿಲ್ವಂತೆ, ಮೊದ್ಲು ಓಡ್ರೋ' ಅಂತ ನಮ್ಮನ್ನ ಅಟ್ಟಿದ್ರು."

ನನ್ನ ಸುಳ್ಳನ್ನು ನೀವು ನಂಬಿದ್ದರಿಂದ ಮಗಳು ಬದುಕಿದ್ದಾಳೆ.

ಒಮ್ಮೆ ಬನ್ನಿ. ನೀರಿನ ಬಟ್ಟಲನ್ನು ಅವಳೇ ಕೊಡುತ್ತಾಳೆ. ನೀವು ಕುಡಿದು ಮುಗಿಸುವವರೆಗೆ ನಾನು ಹೊರಗೆ ನಿಮ್ಮ ಒಂಟೆ ಹಿಡಿದುಕೊಂಡಿರುತ್ತೇನೆ.

ಮುಖ ತೋರಿಸಲಾರದ,
ಉಬೈದ್