ಹೆದರಿಕೆಯೆಂಬ ನೆಪ

ಗೆಳೆಯ,

ಕಳೆದ ಸೋಮವಾರ ಬಿಳಿಯ ಮುದುಕನೊಬ್ಬ "ಈ ಕರಿ ಕೈ ನನ್ನನ್ನ ಮುಟ್ಟಬಾರದು" ಎಂದದ್ದಕ್ಕೆ, ನರ್ಸ್ ಆಗಿರುವ ನನ್ನ ಮಗಳನ್ನೇ ಆಸ್ಪತ್ರೆಯವರು ಆ ವಾರ್ಡಿನಿಂದ ಎತ್ತಂಗಡಿ ಮಾಡಿದರು. ನಿನ್ನೆ ಅವಳ ದೂರಿನ ವಿಚಾರಣೆಗೆ ಅವರು ಮನೋವಿಜ್ಞಾನದ ಪಂಡಿತನೆಂದು ಕರೆಸಿದ್ದು ನಿನ್ನನ್ನು.

"ಹೊಸ ಮುಖ ಕಂಡರೆ ಹಸುಗೂಸೂ ಹೆದರುತ್ತೆ. ಜೊತೆಗೆ ಈ ಮುದುಕರ ಅಪ್ಪ ಬಹಳ ಕ್ರೂರಿ. ಇದು ದ್ವೇಷ ಅಲ್ಲ, ಬಾಲ್ಯದ ಗಾಯ" ಎಂದೆ ನೀನು.

"ನನ್ನ ಬಾಲ್ಯಾನೂ ಸ್ವಲ್ಪ ವಿಚಾರಿಸಿ ಅಂಕಲ್, ನಿಮಗೆ ಗೊತ್ತಿರೋದೇ ತಾನೇ?" ಎಂದಳು ಮಗಳು. ನೀನು ಕನ್ನಡಕ ಒರೆಸುತ್ತ ಕೂತೆ.

ನೀನು ಓದಿದ್ದನ್ನೆಲ್ಲ ನಾನೂ ಓದಿದ್ದೇನೆ. ಬಾಲ್ಯದ ಗಾಯಗಳು ನಮಗೂ ಇವೆ. ಆದರೆ ನಾವು ಯಾರನ್ನೋ ಬೇಡವೆಂದಾಗ ಅವರನ್ನು ಯಾರೂ ವಾರ್ಡಿನಿಂದ ಹೊರಹಾಕಲಿಲ್ಲ.

ಇವಳು ಕೂಸಾಗಿದ್ದಾಗ ನಿನ್ನ ಬಿಳಿ ಮುಖ ಕಂಡರೆ ಕಿರುಚುತ್ತಿದ್ದಳು. ನೀನು ದಿನವೂ ಬಂದು ಎತ್ತಿಕೊಂಡೆ. ವಾರ ಕಳೆಯುವುದರೊಳಗೆ ನಿನ್ನ ಹೆಗಲ ಮೇಲೇ ನಿದ್ದೆಹೋದಳು.

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ನನ್ನ ಸಿಟ್ಟಿಗೂ ಒಂದು ಕಾಯಿಲೆಯ ಹೆಸರಿಡುತ್ತೀಯ. ನಾಳೆ ಮುಂದುವರಿಯುವ ವಿಚಾರಣೆಯಲ್ಲಿ ಎದ್ದು ನಿಂತೇ ಕೇಳುತ್ತೇನೆ: ಕೂಸಿನ ಹೆದರಿಕೆ ವಾರದಲ್ಲಿ ಬಿಟ್ಟುಹೋಯಿತು, ಈ ಮುದುಕನ ಹೆದರಿಕೆಗೆ ಇಷ್ಟು ವರ್ಷ ಉಣಿಸಿ ಬೆಳೆಸಿದವರು ಯಾರು? ಎಲ್ಲರೆದುರು ಉತ್ತರ ಹೇಳು.