ಹಸಿರು ಬನಾರಸಿಯ ಚಿತ್ರ

ಲಖನೌ
೯ ಮೇ ೨೦೦೪

ಕಜ್ರಿ ಬಾಜಿಗೆ, ನಿನ್ನ ತಂಗಿ ನಿಗಾರ್ ಮಾಡುವ ಸಲಾಂ.

ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು. ಗುರು ತೀರಿಹೋದ ಮನೆಯಲ್ಲಿ ಕೆಲಸ ಹೆಚ್ಚು ಎಂದು ನೆಪ ಹೇಳಬಹುದು, ಆದರೆ ಕೆಲಸವನ್ನೆಲ್ಲ ಲಾಜೋ ಮಾಡುತ್ತಿದ್ದಾಳೆ. ನಾನು ಸುಮ್ಮನೆ ಕೂತಿರುತ್ತೇನೆ. ತಡವಾದದ್ದಕ್ಕೆ ಕ್ಷಮಿಸು. ನಿನ್ನ ಮಂಡಿನೋವು ಹೇಗಿದೆ? ಅಜ್ಮೇರದಲ್ಲೂ ಬಿಸಿಲು ಇಷ್ಟೇ ಇದೆಯೇ? ಹೊಸ ಚೇಲಾ ರೊಟ್ಟಿ ಸುಡುವುದನ್ನು ಕಲಿತಳೋ ಇಲ್ಲವೋ?

ಇಲ್ಲಿ ಎಲ್ಲರೂ ಇದ್ದೇವೆ. ಅನ್ವರಿ ಅಮ್ಮನ ಗಾದಿಯ ಮೇಲೆ ಲಾಜೋ ಇನ್ನೂ ಕೂತಿಲ್ಲ. ನಲವತ್ತನೇ ದಿನ ನೀವೆಲ್ಲ ಬಂದು ದುಪಟ್ಟಾ ಹೊದಿಸಿ ಗುರುವೆಂದು ಒಪ್ಪುವವರೆಗೆ ಕೂರುವುದಿಲ್ಲವಂತೆ. ಆದರೆ ಅಮ್ಮನ ಎಲೆಅಡಿಕೆ ಪೆಟ್ಟಿಗೆ ಮಾತ್ರ ಆಗಲೇ ಅವಳ ಮಗ್ಗುಲಲ್ಲಿದೆ. ಮೊನ್ನೆ ನಾನು ಒಲೆಯ ಮುಂದೆ ಅಳುತ್ತಿದ್ದಾಗ, "ಅಳೋದಾದ್ರೆ ಈರುಳ್ಳಿ ಹೆಚ್ಕೊಂಡು ಅಳು ಕಣೇ, ಎರಡು ಕೆಲಸ ಒಟ್ಟಿಗೇ ಆಗುತ್ತೆ" ಎಂದಳು. ಆಮೇಲೆ ತಾನೇ ಪಕ್ಕದಲ್ಲಿ ಕೂತು ಹೆಚ್ಚಿದಳು.

ಇಪ್ಪತ್ತೇಳಕ್ಕೆ ನಲವತ್ತನೇ ದಿನ. ಅಮ್ಮ ಹಸಿರು ಬನಾರಸಿ ಸೀರೆ ಉಟ್ಟ ಚಿತ್ರ ದೊಡ್ಡದು ಮಾಡಿಸು, ಚೌಕಟ್ಟು ನಾನು ಇಲ್ಲಿಂದ ತರುತ್ತೇನೆ, ಅಳತೆ ತಿಳಿಸು ಎಂದು ಬರೆದಿದ್ದೀಯ. ಅಳತೆಯ ಮಾತು ಕೊನೆಗೆ ಬರೆಯುತ್ತೇನೆ. ಮೊದಲು, ಲಾಜೋ ನನ್ನೊಡನೆ ಯಾಕೆ ಸರಿಯಾಗಿ ಮಾತಾಡುತ್ತಿಲ್ಲ ಎಂದು ನೀನು ಕೇಳಿದ್ದಕ್ಕೆ ಉತ್ತರ.

ಹೋದ ವರ್ಷ ಒಂದು ಸಂಸ್ಥೆಯವರು ನಮ್ಮ ಹಿಜ್ರಾ ಮಂದಿಗೆ ಫೋಟೊ ತೆಗೆಯುವುದನ್ನು ಕಲಿಸಿದರು ಎಂದು ಬರೆದಿದ್ದೆನಲ್ಲ. ನಮ್ಮ ಮನೆಯಿಂದ ನಾನೊಬ್ಬಳೇ ಹೋದದ್ದು, ಎಂಟನೇ ತರಗತಿ ಓದಿದವಳು ಎಂದು ಅಮ್ಮನೇ ಕಳಿಸಿದ್ದರು. ಕ್ಯಾಮರಾ ಕೊಟ್ಟರು, ರೀಲು ಮಾತ್ರ ಅಳೆದು ಅಳೆದು ಕೊಡುತ್ತಿದ್ದರು. ಬೀದಿಯಲ್ಲಿ ಕಾಡುವವರಿಗೆ ರೀಲಿಲ್ಲದೆಯೇ ಗುಂಡಿ ಒತ್ತಿಬಿಡಿ, ಅವರಿಗೂ ಖುಷಿ, ರೀಲೂ ಉಳಿಯುತ್ತದೆ ಎಂದು ಮಾಸ್ಟರ್ ಹೇಳಿಕೊಟ್ಟಿದ್ದರು. ನಮ್ಮ ಮೂಲೆಯ ಮಿಠಾಯಿ ಅಂಗಡಿಯವನು ಮೂರು ತಿಂಗಳು ತನ್ನ ಫೋಟೊ ಕೇಳಿದ. ಲಾಜೋ ಅವನಿಗೆ, "ನಿನ್ನ ಮುಖದ ಹೊಳಪಿಗೆ ರೀಲೇ ಸುಟ್ಟೋಯ್ತು ಭಯ್ಯಾ" ಎನ್ನುತ್ತಿದ್ದಳು.

ಅಮ್ಮನಿಗೂ ತಮ್ಮದೊಂದು ಚಿತ್ರ ಬೇಕಿತ್ತು. ಅವಳಿ ಮಕ್ಕಳು ಹುಟ್ಟಿದ ಮನೆಯವರು, ಹಾಡಿ ಹರಸಿದ್ದಕ್ಕೆ ಕೊಟ್ಟ ಆ ಹಸಿರು ಬನಾರಸಿ ತೆಗೆಸಿದರು. ಎರಡು ಗಂಟೆ ಸಿಂಗಾರವಾಯಿತು. ಲಾಜೋ ಮಲ್ಲಿಗೆ ಮುಡಿಸಿದಳು, ಹಿಂದೆ ಬಿಳಿ ಹೊದಿಕೆ ಕಟ್ಟಿದಳು. ಅಮ್ಮ ಕುರ್ಚಿಯಲ್ಲಿ ಕೂತು ಮುಖ ತಿರುಗಿಸಿ, "ಬಲಗಡೆ ನಮ್ಮಪ್ಪ ಇದಾನೆ, ಎಡಗಡೆ ನಾನಿದೀನಿ. ಎಡಗಡೆಯಿಂದ ತೆಗಿ" ಎಂದರು. ನಾವು ನಕ್ಕೆವು. ಅವರು ನಗಲಿಲ್ಲ, ಬಣ್ಣ ಬಿರಿಯುತ್ತದೆ ಎಂದು.

ಮಾಸ್ಟರಿಗೆ ಅಂಥ ಚಿತ್ರ ಬೇಡ. "ಸಿಂಗಾರ ಮಾಡ್ಕೊಂಡು ಕೂತ ಮುಖ ಸ್ಟುಡಿಯೋದಲ್ಲೂ ಸಿಗುತ್ತೆ ನಿಗಾರ್. ಸಿಂಗಾರಕ್ಕೆ ಮೊದಲಿನ ಮುಖ ನಿನಗೊಬ್ಬಳಿಗೇ ಸಿಗೋದು" ಎಂದರು. ಆ ಮಾತು ನನ್ನ ತಲೆಗೇರಿತು. ನಿಜವನ್ನು ನೋಡುವ ಕಣ್ಣು ನನಗಿದೆ ಎಂದುಕೊಂಡೆ.

ಅಮ್ಮನ ಬೆಳಗು ನಿನಗೆ ಗೊತ್ತು. ಕಿಟಕಿಯ ಬೆಳಕಿಗೆ ಕೈಗನ್ನಡಿ ಹಿಡಿದು, ಚಿಮುಟದಿಂದ ಗಡ್ಡದ ಒಂದೊಂದೇ ಕೂದಲು ಕೀಳುತ್ತಿದ್ದರು. ಆ ಹೊತ್ತಿನಲ್ಲಿ ಬಾಗಿಲಿನ ಪರದೆ ಇಳಿದಿರುತ್ತಿತ್ತು. ನೀನು ಹದಿನಾರು ವರ್ಷ ಈ ಮನೆಯಲ್ಲಿದ್ದೆ, ಒಮ್ಮೆಯೂ ಆ ಪರದೆ ಸರಿಸಿದವಳಲ್ಲ. ನಮ್ಮಲ್ಲಿ ಯಾರೂ ಯಾರ ಪರದೆಯನ್ನೂ ಸರಿಸುವುದಿಲ್ಲ. ನನ್ನನ್ನು ಮಾತ್ರ ಚಹಾ ಕೊಡಲು ಒಳಗೆ ಬಿಡುತ್ತಿದ್ದರು, ತಲೆ ತಗ್ಗಿಸಿ ಇಟ್ಟು ಬರುತ್ತೇನೆ ಎಂಬ ನಂಬಿಕೆಯಿಂದ. ಆ ದಿನ ಚಹಾ ಇಟ್ಟೆ, ತಲೆ ತಗ್ಗಿಸಲಿಲ್ಲ. ಭುಜದ ಮೇಲೆ ಟವೆಲು, ಕೈಯಲ್ಲಿ ಚಿಮುಟ, ಅರ್ಧ ಗಲ್ಲದಲ್ಲಿ ಬಿಳಿ ಕೂಳೆ, ಬಾಯಿ ತುಸು ತೆರೆದಿತ್ತು. ಕ್ಯಾಮರಾದ ಸದ್ದು ಕೇಳಿ ಅಮ್ಮ ತಿರುಗಿದರು. "ಏನೇ ಅದು?" ಎಂದರು. "ಬರೀ ಗುಂಡಿ ಒತ್ತಿದೆ ಅಮ್ಮ" ಎಂದೆ.

ಬಾಜಿ, ನನ್ನ ಮುಖವನ್ನು ಹಾಗೆ ತೆಗೆಯಲು ನಾನು ಯಾರನ್ನೂ ಬಿಡುತ್ತಿರಲಿಲ್ಲ. ಅದು ಆಗಲೂ ನನಗೆ ಗೊತ್ತಿತ್ತು.

ಡಿಸೆಂಬರಿನಲ್ಲಿ ಪ್ರದರ್ಶನವಾಯಿತು. ಅಮ್ಮನ ಚಿತ್ರ ಗೋಡೆಯ ಮೇಲೆ ಹಾಕಿದ್ದಾರೆ ಎಂದು ಮನೆಯಲ್ಲಿ ಹೇಳಿದ್ದೆ, ಯಾವುದು ಎಂದು ಹೇಳಿರಲಿಲ್ಲ. ಅಷ್ಟು ದೂರ ಅವರು ಬರಲಾರರು ಎಂದುಕೊಂಡಿದ್ದೆ. ಮೂರನೇ ದಿನ ಅಮ್ಮ ಅದೇ ಹಸಿರು ಬನಾರಸಿ ಉಟ್ಟು, ಎಲ್ಲರನ್ನೂ ಕರೆದುಕೊಂಡು, ಲಡ್ಡುವಿನ ಡಬ್ಬಿ ಹಿಡಿದು ಬಂದರು. ಚಳಿಯಲ್ಲೂ ಶಾಲು ಹೊದ್ದಿರಲಿಲ್ಲ, ಸೀರೆ ಮುಚ್ಚಿಹೋಗುತ್ತದೆ ಎಂದು.

ಅವರಿಗೆ ಎದುರು ಗೋಡೆಯಲ್ಲೇ ಅದು ಕಂಡಿತು. ಬಾಗಿಲಿನಷ್ಟು ದೊಡ್ಡದು ಮಾಡಿಸಿದ್ದರು. ಲಾಜೋ ನನ್ನ ತೋಳು ಹಿಡಿದು ಕಿವಿಯಲ್ಲಿ, "ಏನ್ ಮಾಡ್ದೆ ಮುಂಡೇದೇ?" ಎಂದಳು. ಅಮ್ಮ ಚಿತ್ರದ ಮುಂದೆ ಹೋಗಿ ನಿಂತರು. ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗಿ ನಿಂತಿದ್ದಳು. ಅವಳು ಚಿತ್ರವನ್ನು ತೋರಿಸಿ, "ಇವ್ರು ನಿಮಗೆ ಗೊತ್ತಾ ಆಂಟಿ?" ಎಂದು ಕೇಳಿದಳು. ಅವಳಿಗೆ ಗುರುತೇ ಸಿಕ್ಕಿರಲಿಲ್ಲ.

"ಗೊತ್ತು ಮಗಳೇ. ನನ್ನ ತಮ್ಮ. ಮನೆ ಬಿಟ್ಟು ಹೋಗಿ ಬಹಳ ದಿನ ಆಯ್ತು" ಎಂದರು ಅಮ್ಮ. ಡಬ್ಬಿ ತೆರೆದು ಅವಳಿಗೊಂದು ಲಡ್ಡು ಕೊಟ್ಟರು. ಆಮೇಲೆ ಅಲ್ಲಿದ್ದವರಿಗೆಲ್ಲ ಕೊಟ್ಟರು, ಮಾಸ್ಟರಿಗೂ ಕೊಟ್ಟರು. ನನ್ನ ಮುಂದೆಯೂ ಡಬ್ಬಿ ಹಿಡಿದರು. ತೆಗೆದುಕೊಂಡೆ.

ರಿಕ್ಷಾದಲ್ಲಿ ಮನೆಗೆ ಬರುವಾಗ ಒಂದೇ ಮಾತು ಕೇಳಿದರು. "ಹಸಿರು ಸೀರೆದು ಚೆನ್ನಾಗಿ ಬರ್ಲಿಲ್ವೇನೇ?"

"ಬಂದಿದೆ ಅಮ್ಮ. ಅದು ಮನೆಗೆ ಅಂತ ಇಟ್ಟಿದೀನಿ, ದೊಡ್ಡದು ಮಾಡಿಸ್ಬೇಕು" ಎಂದೆ.

ಅವರು ನಂಬಿದರು. ಜನವರಿಯಲ್ಲಿ ಕೇಳಿದರು, ಹೋಳಿಯ ಹೊತ್ತಿಗೆ ಕೇಳಿದರು. ಅಂಗಡಿಯವನು ಊರಲ್ಲಿಲ್ಲ ಎಂದೆ, ಕಾಗದ ಮುಗಿದಿದೆಯಂತೆ ಎಂದೆ. ಕೊನೆಯ ವಾರ ಎದ್ದು ಕೂರಲಾಗದಿದ್ದಾಗ ಲಾಜೋಳನ್ನೂ ನನ್ನನ್ನೂ ಹತ್ತಿರ ಕರೆದು, "ಗಾದಿ ಮೇಲಿನ ಗೋಡೆಗೆ ಹಸಿರು ಸೀರೆಯವಳನ್ನ ಹಾಕಿ. ಆ ಇನ್ನೊಬ್ಬನ್ನ ನನ್ನ ಮನೆಗೆ ತರಬೇಡಿ" ಎಂದರು. ಆದರೂ ಸಂಸ್ಥೆಯವರು ಮರುಕದಿಂದಲೇ ಅದಕ್ಕೆ ಕಟ್ಟು ಹಾಕಿಸಿ ತಂದುಕೊಟ್ಟಿದ್ದಾರೆ. ಲಾಜೋ ಅದನ್ನು ಉಗ್ರಾಣದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಮೇಲೊಂದು ಪರದೆ ಹೊದಿಸಿದ್ದಾಳೆ. ಅಮ್ಮನ ಬಾಗಿಲಿನ ಪರದೆಯೇ ಅದು.

ಇನ್ನು ಮುಗಿಸುತ್ತೇನೆ. ಬಿಸಿಲಿನಲ್ಲಿ ಹೊರಗೆ ಹೋಗಬೇಡ, ಬರುವಾಗ ರೈಲಿನಲ್ಲಿ ಕೆಳಗಿನ ಸೀಟನ್ನೇ ಕೇಳಿ ತೆಗೆದುಕೋ. ನಿನ್ನ ಮನೆಯ ಬಾಗಿಲು ಸದಾ ತೆರೆದಿರಲಿ, ನಿನ್ನ ಚೇಲಾಗಳು ನಿನಗಿಂತ ಹೆಚ್ಚು ಕಾಲ ಬಾಳಲಿ. ನಿನ್ನ ಪಾದ ಮುಟ್ಟುತ್ತೇನೆ.

ನಿನ್ನ
ನಿಗಾರ್

ಮರೆತ ಮಾತು: ಮರೆತದ್ದಲ್ಲ ಬಾಜಿ, ಬೇಕೆಂದೇ ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಮೇಲಿನದನ್ನು ನಿನ್ನ ಚೇಲಾಗಳಿಗೆ ಓದಿ ಹೇಳು, ಇದನ್ನು ಬೇಡ. ಚೌಕಟ್ಟು ತರಬೇಡ. ಹಸಿರು ಬನಾರಸಿಯ ಚಿತ್ರ ಇಲ್ಲ. ಆ ದಿನ ಕ್ಯಾಮರಾದಲ್ಲಿ ರೀಲಿರಲಿಲ್ಲ. ಒಂದು ರೀಲು ನನ್ನ ಚೀಲದಲ್ಲೇ ಇತ್ತು. ಇಂಥ ಚಿತ್ರಕ್ಕೆ ಯಾಕೆ ದಂಡ ಮಾಡಲಿ ಎಂದು ಉಳಿಸಿಕೊಂಡೆ. ಮುಂದಿನ ವಾರ ಅದನ್ನೇ ಹಾಕಿಕೊಂಡು ಪರದೆ ಸರಿಸಿದ್ದು. ಲಾಜೋಗೆ ಇನ್ನೂ ಗೊತ್ತಿಲ್ಲ, ದಿನಾ ಬೆಳಿಗ್ಗೆ ಗಾದಿಯ ಮೇಲಿನ ಗೋಡೆ ಒರೆಸುತ್ತಾಳೆ. ಆ ಸಿಂಗಾರದ ದಿನ ಹನ್ನೆರಡು ಸಲ ಗುಂಡಿ ಒತ್ತಿದೆ. ಪ್ರತಿ ಸಲವೂ ಅಮ್ಮ ಉಸಿರು ಬಿಗಿಹಿಡಿದು ಕೂತರು. ಪ್ರತಿ ಸಲವೂ ತುಟಿ ಅಲುಗದ ಹಾಗೆ, "ನಾನು ಬಂದ್ನೇನೇ?" ಎಂದು ಕೇಳಿದರು. ಪ್ರತಿ ಸಲವೂ ನಾನು, "ಬಂದ್ರಿ ಅಮ್ಮ" ಎಂದೆ.