ಎರಡನೇ ವಜೀರ

ಚಿತ್ತಾಪುರ
ತಾ. 18-11-2025

ಪ್ರೀತಿಯ ಮಗಳು ಲುಂಬಿನಿಗೆ ನಿನ್ನ ಭೀಮಶ್ಯಾ ಕಾಕಾನ ಜೈಭೀಮ.

ವಾಡಿಯಿಂದ ಚಿಂಚೋಳಿಯವರೆಗೆ ಚದುರಂಗದಲ್ಲಿ ನನ್ನನ್ನು ಸೋಲಿಸುವ ಮನುಷ್ಯ ಇನ್ನೂ ಹುಟ್ಟಿಲ್ಲ. ಇದು ನಾನು ಹೇಳುವ ಮಾತಲ್ಲ, ಸೇಡಂನ ವಕೀಲರೇ ನನ್ನೆದುರು ಬೋರ್ಡು ಮಡಚಿ ಕೈಮುಗಿದಿದ್ದಾರೆ. ಇರಲಿ. ನಿನ್ನ ಕೆಮ್ಮು ಹೇಗಿದೆ? ಬೀದರಿನ ಚಳಿಯಲ್ಲಿ ಕಿವಿಗೆ ಬಟ್ಟೆ ಕಟ್ಟದೆ ಹೊರಗೆ ಬೀಳಬೇಡ. ನೀನು ಹಾಸ್ಟೆಲಿಗೆ ವಾರ್ಡನ್ ಆಗಿರಬಹುದು, ನನಗಂತೂ ಮೂಗು ಸೋರಿಸಿಕೊಂಡು ತಿರುಗುತ್ತಿದ್ದ ಕೂಸೇ. ನಿನ್ನ ಅವ್ವ ಅನಸುಬಾಯಿ ಆರಾಮ ಇದ್ದಾಳೆ. ಮೊಣಕಾಲು ನೋವು ಎನ್ನುತ್ತಾಳೆ, ಕಾಳಗಿ ಸಂತೆಗೆ ಹೊರಟರೆ ಮಾತ್ರ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಈ ಸುದ್ದಿಯನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ.

ಈಗ ಚದುರಂಗದ ಸೆಟ್ಟಿನ ಮಾತು. ಇಪ್ಪತ್ತಾರಕ್ಕೆ, ಸಂವಿಧಾನ ದಿನದಂದು, ಹಾಸ್ಟೆಲಿನ ಪಂದ್ಯ ಗೆದ್ದ ಹುಡುಗಿಗೆ ಕೊಡಲಿಕ್ಕೆ ಕಟ್ಟಿಗೆಯ ಸೆಟ್ಟೊಂದು ಮಾಡಿಸು ಎಂದು ನೀನು ಹೇಳಿದ್ದೆ. ಅದೂ ಮೀರ್ ಸುಲ್ತಾನ್ ಖಾನನ ನೆನಪಿಗೆ. ಹಳ್ಳಿಯಲ್ಲಿ ಹುಟ್ಟಿ, ದೊಡ್ಡ ಜಮೀನ್ದಾರರೊಬ್ಬರ ಆಶ್ರಯದಲ್ಲಿದ್ದು, ವಿಲಾಯತಿಗೆ ಹೋಗಿ ಅಲ್ಲಿಯ ಚದುರಂಗದ ಪಟ್ಟವನ್ನು ಮೂರು ಸಲ ಗೆದ್ದವನು ಎಂದು ನೀನೇ ಹೇಳಿದ್ದೆ. ಹಾಸ್ಟೆಲಿನ ಹುಡುಗಿಯರು ಇಂಥವನನ್ನು ತಿಳಿದಿರಬೇಕು ಎಂಬ ನಿನ್ನ ಮಾತು ನನಗೂ ಹಿಡಿಸಿತು. ಅದಕ್ಕೇ ಶಹಾಬಾದಿನ ಬಡಿಗ ಮುಬೀನನಿಗೆ ಕೆಲಸ ಒಪ್ಪಿಸಿದೆ.

ಆದರೆ ಮಗಳೇ, ಮೊದಲ ದಿನದಿಂದ ನನಗೆ ಅವನ ಮೇಲೆ ಅನುಮಾನ. ನಾನು ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಕಾಯಿಗಳ ಮೇಲೆ ಟವೆಲ್ಲು ಮುಚ್ಚುತ್ತಾನೆ. ಕೇಳಿದರೆ "ಧೂಳ ಕೂಡ್ತದ ಚಾಚಾ" ಎನ್ನುತ್ತಾನೆ. ಕರಿ ಕಾಯಿಗಳಿಗೆ ಶೀಸಂ ಕಟ್ಟಿಗೆ ಹಾಕಿದ್ದೇನೆ ಎಂದ. ಬಣ್ಣ ಬಳಿದ ಬೇವು ಇರಬಹುದೆಂದು ನಾನು ಒಂದು ಪ್ಯಾದೆಯನ್ನು, ಅದೇ ಕಾಲಾಳನ್ನು, ಮೆಲ್ಲಗೆ ಜೇಬಿಗಿಳಿಸಿ ಸೇಡಂಗೆ ಒಯ್ದೆ. ಅಲ್ಲಿಯ ಕಟ್ಟಿಗೆ ಅಡ್ಡೆಯ ಹಣಮಪ್ಪ ತಳವನ್ನು ಕೆರೆದು, ಮೂಸಿ, "ಶೀಸಂ ಅದ. ನಿನ್ನ ತಲಿ ಕೆಟ್ಟದ" ಎಂದ. ಅವನೂ ಮುಬೀನನ ಕಡೆಯವನೇ ಇರಬೇಕು. ಇತ್ತ ಮುಬೀನ ಆ ಪ್ಯಾದೆಗಾಗಿ ಇಡೀ ದಿನ ಹೊಟ್ಟು ಜಾಲಾಡಿದ್ದನಂತೆ. ಮರುದಿನ ನಾನೇ ಅದನ್ನು ಅಂಟಿನ ಡಬ್ಬಿಯ ಹಿಂದೆ ಹುಡುಕಿ ಕೊಟ್ಟೆ. ಪಾಪ, ಚಹಾ ಕುಡಿಸಿದ.

ರಾಜನಿಗೆ ಕಿರೀಟ ಇಲ್ಲ, ಮುಂಡಾಸ ಇದೆ. ಕೂಲಿ ಉಳಿಸಲಿಕ್ಕೆ ಎಂದುಕೊಂಡೆ. "ಸುಲ್ತಾನ್ ಖಾನ್ ಸಾಹೇಬ್ರು ಮುಂಡಾಸ ಸುತ್ತತಿದ್ರು ಚಾಚಾ, ಈ ಆಟದಾಗ ಬಾದಶಾಹ ಅವರೇ ಅಲ್ಲೇನ್ರಿ?" ಎಂದು ತಿರುಗಿ ನನಗೇ ಕೇಳಿದ. ಮುಂಡಾಸದ ಒಂದೊಂದು ಸುತ್ತೂ ಉಗುರಿಗೆ ತಾಗುವ ಹಾಗೆ ಕೆತ್ತಿದ್ದಾನೆ, ಅದನ್ನು ಇಲ್ಲವೆನ್ನಲಾರೆ. ಆದರೆ ಎಣಿಸಿದಾಗ ಸಿಕ್ಕಿಬಿದ್ದ! ಕಾಯಿ ಮೂವತ್ತೆರಡು ಇರಬೇಕು, ಮೂವತ್ತನಾಲ್ಕು ಇದ್ದವು. ಬಣ್ಣಕ್ಕೊಂದು ವಜೀರ, ಅಂದರೆ ಮಂತ್ರಿ, ಹೆಚ್ಚು. ನಮ್ಮ ಕಟ್ಟಿಗೆಯಲ್ಲಿ ಇನ್ಯಾರಿಗೋ ಸೆಟ್ಟು ತಯಾರಾಗುತ್ತಿದೆ ಎಂದು ಗದರಿಸಿದೆ.

ಕಾಯಿಗಳ ತಳಕ್ಕೆ ಹಸಿರು ಮಖಮಲ್ಲು ಅಂಟಿಸುತ್ತ ಕುಳಿತಿದ್ದ ಅವನ ಹೆಂಡತಿ ಜಬೀನಾ ಕಿಸಕ್ಕನೆ ನಕ್ಕಳು. "ಪ್ಯಾದೆ ಕಡೀ ಮನಿ ಮುಟ್ಟಿದ್ರ ವಜೀರ ಆಗ್ತದ್ರಿ. ಹಳೇ ವಜೀರ ಇನ್ನಾ ಜೀವಂತ ಇದ್ರ ಹೊಸಾದು ಎಲ್ಲಿಂದ ತರ್ತೀರಿ ಚಾಚಾ?" ನಮ್ಮ ಊರಾಟದಲ್ಲಿ ಪ್ಯಾದೆ ಆನೆಯ ಮನೆ ಮುಟ್ಟಿದರೆ ಆನೆ, ಕುದುರೆಯ ಮನೆ ಮುಟ್ಟಿದರೆ ಕುದುರೆ, ಅದೂ ಆ ಕಾಯಿ ಸತ್ತಿದ್ದರೆ ಮಾತ್ರ. "ಒಂದು ರಾಜ್ಯಕ್ಕ ಇಬ್ಬರು ವಜೀರರೇನವಾ? ಈ ಸುಳ್ಳಾಟ ಯಾರು ಕಲಿಸ್ಯಾರ ನಿನಗ?" ಎಂದೆ. "ಸುಲ್ತಾನ್ ಖಾನ್ ಸಾಹೇಬ್ರೂ ಮೊದಲ ನಿಮ್ಮ ಆಟಾನೇ ಆಡ್ತಿದ್ರು. ಹೊಸಾ ಕಾಯ್ದಾ ಕಲ್ತು ಗೆದ್ರು. ನಿಮಗೇನು ತ್ರಾಸು?" ಎಂದಳು. ಆಕೆಗೆ ಬುದ್ಧಿ ಕಲಿಸಲು ಬೋರ್ಡು ಹಾಸಿದೆ. ಆಟ ಸ್ವಲ್ಪ ಆಕೆಯ ಕಡೆಗೆ ವಾಲಿತು, ಕನ್ನಡಕ ಮನೆಯಲ್ಲಿ ಬಿಟ್ಟು ಹೋಗಿದ್ದೆ ನೋಡು.

ಸೆಟ್ಟು ತಯಾರಿದೆ. ಪಾಲಿಶಿಗೆಂದು ಇನ್ನೊಂದಿಷ್ಟು ಕೇಳುತ್ತಿದ್ದಾರೆ, ಬೇಗ ಕಳಿಸು. ನಿನ್ನ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ ಹೇಳು; ಹುಷಾರಾಗಿ ಆಡಲಿ, ಹೊಟ್ಟೆ ತುಂಬ ಉಣ್ಣಲಿ. ನಿನಗೆ ಬುದ್ಧನ ಕರುಣೆ ಇರಲಿ.

ನಿನ್ನ ಕಾಕಾ,
ಭೀಮಶ್ಯಾ

ತಾ.ಕ.: ಬೀದರ ಬಸ್ಸು ಬಂತು, ಕಂಡಕ್ಟರ್ ಈ ಪತ್ರಕ್ಕೆ ಕೈಚಾಚಿ ನಿಂತಿದ್ದಾನೆ. ಪಾಲಿಶಿನ ಮಾತು ಸುಳ್ಳು. ರೊಕ್ಕ ಕಟ್ಟಿ ಆಡೋಣ ಎಂದವನು ನಾನೇ. ಜಬೀನಾ "ಬ್ಯಾಡ್ರಿ ಚಾಚಾ" ಎಂದು ಕೈಮುಗಿದಳು, ನಾನು ಕೇಳಲಿಲ್ಲ. ಮರುದಿನ ಸೆಟ್ಟು ಕೊಡು ಎಂದರೆ "ಗೆದ್ದದ್ದು ನಂದು, ಕೂಲಿ ನಮ್ಮ ಮನಿಯವರದು" ಎಂದಳು. ಕೂಲಿ ಸೇರದೆ ಸೆಟ್ಟು ಅಂಗಡಿ ಬಿಡುವುದಿಲ್ಲ, ಇಪ್ಪತ್ತಾರಕ್ಕೆ ಎಂಟೇ ದಿನ. ಹುಡುಗಿಯ ಕೈ ಖಾಲಿ ಉಳಿಯಬಾರದು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಸೋತದ್ದು ಎಷ್ಟೆಂದರೆ, ಮುಬೀನನಿಗೆ ಕೊಡೆಂದು ನೀನು ಕಳಿಸಿದ್ದ ಕೂಲಿಯ ಬಾಕಿ ಪೂರ್ತಿ, ಮೇಲೆ ನಿನ್ನ ಅವ್ವನ ಮೊಣಕಾಲಿನ ಎಣ್ಣೆಯ ಇನ್ನೂರು. ಒಟ್ಟು ನಾಲ್ಕು ಸಾವಿರದ ಏಳುನೂರು ರೂಪಾಯಿ.